ಬಾಗಿಸಿ ಕೂರಿಸಿದ ಕಂಬಿ

ಬೆಳಿಗ್ಗೆ ಮರವಜ್ರ ಕುದಿಯಲು ಇಟ್ಟೆ. ತೊಗಲು ಬೆಂದಂಥ ಆ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಣಸೂರಿನ ಗಾಡಿ ಆಚಾರ್ರು ನೆನಪಾದರು. ಹಳೆಯ ದಿನಚರಿ ತೆಗೆದು ನೋಡಿದೆ: ಹತ್ತೊಂಬತ್ತು ದಿನ, ಎರಡು ಕುತ್ತಿಗೆ, ನಾಲ್ಕು ಕಂಬಿ...

ಆಗ ನನ್ನ ಬಳಿ ಕಾಫಿ ತೋಟದ ದೊರೆಯೊಬ್ಬರು ಸ್ವದೇಶಕ್ಕೆ ಹೋಗುವಾಗ ಕೊಟ್ಟ ಗಿಟಾರು ಇತ್ತು. ಉಕ್ಕಿನ ತಂತಿಗಳ ಎಳೆತಕ್ಕೆ ಅದರ ಕುತ್ತಿಗೆ ಬಿಲ್ಲಿನಂತೆ ಬಾಗಿತ್ತು. ಕೃಷ್ಣರಾಜನಗರದಲ್ಲಿ ಡೇರೆ ಹಾಕಿದ್ದ ಮೂಕಿ ಸಿನಿಮಾದ ಮಾಲೀಕರು ಚಿತ್ರದ ಜೊತೆ ಬಾರಿಸಲು ನನ್ನನ್ನು ಸೇರಿಸಿಕೊಳ್ಳುತ್ತೇನೆಂದಿದ್ದರು. ಅಮಾವಾಸ್ಯೆಯ ದಿನ ಶ್ರುತಿ ನಿಲ್ಲುವ ವಾದ್ಯ ತರದಿದ್ದರೆ ಆ ಜಾಗಕ್ಕೆ ಮೈಸೂರಿನಿಂದ ಬೇರೆಯವರು ಬರುತ್ತಿದ್ದರು. ಹೊಸ ಗಿಟಾರುಗಳ ಕುತ್ತಿಗೆಯೊಳಗೆ ಕಬ್ಬಿಣದ ಕಂಬಿ ಇರುತ್ತದೆಂದು ದೊರೆ ಒಮ್ಮೆ ಹೇಳಿದ್ದರು. ಅಷ್ಟನ್ನೇ ಆಚಾರ್ರಿಗೆ ಹೇಳಿದೆ.

"ಕಬ್ಣ ಕೂರ್ಸೋದ್ನ ನಂಗೇ ಯೋಳ್ಕೊಡ್ತೀಯೇನ್ಲಾ?" ಎಂದರು.

ಕೂರಿಸಿದ್ದು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕ್ರಮದಲ್ಲೇ. ಬೀಟೆಯ ಹೊಸ ಕುತ್ತಿಗೆ ಕೆತ್ತಿ, ಉದ್ದಕ್ಕೂ ನೇರ ತೋಡು ತೆಗೆದು, ಕಂಬಿಯನ್ನು ಕೆಂಪಗೆ ಕಾಯಿಸಿ ಒಳಗಿಟ್ಟು ನೀರು ಹೊಯ್ದರು. ಚಕ್ರದ ಪಟ್ಟಿ ಆರಿದಾಗ ಕುಗ್ಗಿ ಮರವನ್ನು ಹೊರಗಿನಿಂದ ಬಿಗಿಯುತ್ತದೆ. ಇಲ್ಲಿ ಕಂಬಿ ಒಳಗಿತ್ತು. ಸುತ್ತಲಿನ ಮರ ಸುಟ್ಟು ಕರಕಲಾಯಿತು, ಆರಿದ ಕಂಬಿ ಲೊಡಲೊಡ ಅಲ್ಲಾಡಿತು.

ಒಳಗಿನಿಂದ ಅವರ ಹೆಂಡತಿ, "ಏನ್ ಸುಟ್ರಿ, ಬದ್ನೇಕಾಯಾ?" ಎಂದರು.

"ಸುಮ್ಕಿರಮ್ಮಿ!" ಎಂದು ಆಚಾರ್ರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಆರು ದಿನ ಹೋಗಿತ್ತು, ಹದಿಮೂರು ಉಳಿದಿತ್ತು.

ಮರುದಿನ ಮೂರು ಕಂಬಿ ಮುಂದಿಟ್ಟುಕೊಂಡು ಕೂತರು. ದಪ್ಪನೆಯದನ್ನು "ಇದು ಎತ್ತಿನ್ ಗಾಡಿಗಾಯ್ತದೆ" ಎಂದು ಪಕ್ಕಕ್ಕೆಸೆದರು. ಎರಡನೆಯದು ಬಾಗಿಸಿದರೆ ಬಾಗಿದಂತೆಯೇ ಉಳಿಯಿತು; ಅದೂ ಹೋಯಿತು. ಮೂರನೆಯದು ಒಂದೂವರೆ ನೂಲು ದಪ್ಪದ ಉಕ್ಕು. ನೂಲೆಂದರೆ ಅಂಗುಲದ ಎಂಟನೆಯ ಪಾಲು. ಬಾಗಿಸಿ ಬಿಟ್ಟರೆ ಚಟ್ಟನೆ ನೆಟ್ಟಗಾಯಿತು. ಅದರ ಒಂದು ತುದಿಯನ್ನು ಮರಕ್ಕೆ ಸಿಕ್ಕಿಕೊಳ್ಳುವಂತೆ ಮಡಿಸಿ, ಇನ್ನೊಂದಕ್ಕೆ ಸೈಕಲ್ ಅಂಗಡಿಯಲ್ಲಿ ತಿರುಪು ಕೊರೆಸಿ ನಟ್ಟು ಹಾಕಿಸಿದರು. ಎರಡನೆಯ ಕುತ್ತಿಗೆಯ ತೋಡನ್ನು ನಡುವೆ ಆಳ ಮಾಡಿದರು. ಕಂಬಿ ಅದರಲ್ಲಿ ಬಾಗಿ ಕೂತಿತು. ಮೇಲೆ ಮರದ ಪಟ್ಟಿ ಇಟ್ಟು ಅಂಟಿಸಿದರು.

"ಬಾಗಿರೋದ್ನ ಆಕಿದ್ರೆ ಮರನೂ ಬಾಗಲ್ವಾ ಆಚಾರ್ರೇ?" ಎಂದೆ.

"ನಟ್ಟು ಬಿಗೀತಾ ಓದಂಗೆ ಕಂಬಿ ನೆಟ್ಗಾಗಕ್ ನೋಡ್ತದೆ ಕಣ್ಲಾ. ಅದು ನೆಟ್ಗಾಗ್ಬೇಕಾದ್ರೆ ಮರನೂ ಎತ್ಕಂಡೇ ಬರ್ಬೇಕು."

ಅಮಾವಾಸ್ಯೆಯ ಹಿಂದಿನ ದಿನ ತಂತಿ ಏರಿಸಿದೆವು. ಕುತ್ತಿಗೆ ನಿಧಾನವಾಗಿ ಒಂದು ನೂಲು ಬಾಗಿತು. ಆಚಾರ್ರು ನಟ್ಟನ್ನು ಅರ್ಧ ಸುತ್ತು ತಿರುಗಿಸಿದರು. ಮರ ಕಿರ್ರೆಂದಿತು. ನಾನು ಕಣ್ಣು ಮುಚ್ಚಿಕೊಂಡೆ.

"ಕಣ್ ಬುಡ್ಲಾ, ಸತ್ತಿಲ್ಲ."

ಕುತ್ತಿಗೆಯ ಉದ್ದಕ್ಕೂ ದಾರ ಎಳೆದು ಹಿಡಿದು ನೋಡಿದೆ. ಬಾಗು ಕಾಲು ನೂಲಿಗೆ ಇಳಿದಿತ್ತು. ಮರುದಿನ ಡೇರೆಯಲ್ಲಿ ಇಡೀ ಚಿತ್ರಕ್ಕೆ ಬಾರಿಸಿದೆ, ಶ್ರುತಿ ಜಾರಲಿಲ್ಲ. ಕೆಲಸ ಸಿಕ್ಕಿತು. ಚಿತ್ರಗಳೇ ಮಾತಾಡಲು ಕಲಿಯುವವರೆಗೂ ಅದು ಇತ್ತು.

ಆಚಾರ್ರು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ನಾನೇ ಒಂದು ಗಿಟಾರು ಕಟ್ಟುತ್ತಿದ್ದೇನೆ. ಕಂಬಿಯ ಉದ್ದ, ದಪ್ಪ, ತೋಡಿನ ಅಗಲ ಎಲ್ಲವೂ ದಿನಚರಿಯಲ್ಲಿವೆ. ತೋಡು ನಡುವೆ ಎಷ್ಟು ಆಳ ಎಂಬುದೊಂದು ಇಲ್ಲ. ಅವರು ಅಳೆಯಲಿಲ್ಲ, ಹೆಬ್ಬೆರಳು ಆಡಿಸಿ ನೋಡಿ ಉಳಿ ಕೆಳಗಿಟ್ಟರು... ನಾನು ಕೇಳಲಿಲ್ಲ. ಹಳೆಯ ಕುತ್ತಿಗೆಯನ್ನು ಸೀಳಿದರೆ ಅಳತೆ ಸಿಕ್ಕೀತು. ಸೀಳುವುದಿಲ್ಲ. ನಿನ್ನೆ ನನ್ನ ಅಂದಾಜಿನಲ್ಲೇ ತೋಡು ತೆಗೆದೆ, ಇವತ್ತು ಪಟ್ಟಿ ಅಂಟಿಸಿದೆ. ಇದು ನಿಲ್ಲುತ್ತದೆ, ಆ ಧೈರ್ಯ ನನಗಿದೆ. ಅಂಟಿಸುವ ಮೊದಲು, "ಒಮ್ಮೆ ಬೆರಳಾಡಿಸಿ ನೋಡಿ ಆಚಾರ್ರೇ" ಎನ್ನಲು ಅವರಿರಲಿಲ್ಲ.