ಏನಂದ್ರಿಯ ತೊಟ್ಟಿಲು

ನನ್ನ ಓರಗಿತ್ತಿಗೆ ಮಗ್ಗದ ಶೆಡ್ಡಿನಲ್ಲಿ ಇಟ್ಟ ಅಡ್ಡಹೆಸರು ‘ಏನಂದ್ರಿ’. ಯಾರು ಏನು ಹೇಳಿದರೂ ಅವಳ ಮೊದಲ ಉತ್ತರ ಅದೇ. ಊಟಕ್ಕೆ ಬಾ ಎಂದರೂ ಏನಂದ್ರಿ, ಮನೆಗೆ ಬೆಂಕಿ ಬಿದ್ದಿದೆ ಎಂದರೂ ಏನಂದ್ರಿ. ಅವಳು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇವಳಿಗೆ ಎಷ್ಟು ಜಂಬ ಎಂದುಕೊಂಡಿದ್ದೆ. ನಾನು ಬಸ್ ಕಂಡಕ್ಟರ್. ನನ್ನ ಗಂಟಲಿಗೆ ಹೆದರಿ ಇಡೀ ಬಸ್ಸು ಹಿಂದಕ್ಕೆ ಸರಿಯುತ್ತದೆ, ಈ ಮಹಾರಾಯಿತಿ ಅಡುಗೆಮನೆಯಲ್ಲಿ ಪಕ್ಕದಲ್ಲೇ ನಿಂತಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಚಿಕ್ಕ ವಯಸ್ಸಿನಿಂದ ವಿದ್ಯುತ್ ಮಗ್ಗಗಳ ನಡುವೆ ನಿಂತು ನಿಂತು ಅವಳ ಕಿವಿ ಮುಕ್ಕಾಲು ಪಾಲು ಹೋಗಿದೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಕಿವಿಗೆ ಹಾಕುವ ಯಂತ್ರವೊಂದಿದೆ, ಹಾಕಿಕೊಂಡರೆ ಮಾತಿಗಿಂತ ಗುಂಯ್ ಎನ್ನುವುದೇ ಹೆಚ್ಚು ಎಂದು ತೆಗೆದಿಡುತ್ತಾಳೆ. ನನ್ನ ಗಂಡನ ಕಿವಿ ಚೆನ್ನಾಗಿದೆ, ಕೇಳಿಸಿಕೊಳ್ಳುವ ಅಭ್ಯಾಸ ಮಾತ್ರ ಇಲ್ಲ. ಹಾಗೆ ನೋಡಿದರೆ ಇವಳೇ ವಾಸಿ.

ಒಮ್ಮೆ ಅವಳು ಮನೆಯಲ್ಲೇ ಮರೆತುಹೋದ ಊಟದ ಡಬ್ಬಿ ಕೊಡಲು ಶೆಡ್ಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ಹಲ್ಲುಗಳೇ ಅದುರುವಂಥ ಸದ್ದು. ಇವಳು ಸಾಲು ಮಗ್ಗಗಳ ನಡುವೆ ಆರಾಮಾಗಿ ಓಡಾಡುತ್ತ, ಪ್ರತಿಯೊಂದರ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಮುಂದೆ ಹೋಗುತ್ತಿದ್ದಳು, ಹಸುವಿನ ಬೆನ್ನು ತಟ್ಟಿದ ಹಾಗೆ. ಏನು ನೋಡುತ್ತೀಯ ಎಂದು ಕೈಸನ್ನೆಯಲ್ಲಿ ಕೇಳಿದೆ. ಹೊರಗೆ ಬಂದ ಮೇಲೆ ಹೇಳಿದಳು: “ಅದುರ್ತಾ ಇದ್ರೆ ಯೋಚನೆ ಇಲ್ಲ ಅಕ್ಕ, ಎಲ್ಲ ಸರಿ ಇದೆ ಅಂತ. ಕೈಗೆ ಅದುರೋದು ನಿಂತ್ರೆ ಓಡ್ಬೇಕು. ಎಲ್ಲೋ ಎಳೆ ಹರಿದಿರುತ್ತೆ.”

ಅಂಥವಳಿಗೆ ಮಗುವಾಯಿತು. ಹೆಣ್ಣುಮಗು, ಒಂದು ಮುಷ್ಟಿಯಷ್ಟು.

ಆಸ್ಪತ್ರೆಯಲ್ಲೇ ಅವಳ ಎದೆಯೊಳಗೆ ಭಯ ಹೊಕ್ಕಿತು. ಹೆರಿಗೆಯ ಮರುದಿನ ಮಧ್ಯಾಹ್ನ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ, ಮಗು ಬೆನ್ನ ಹಿಂದಿನ ತೊಟ್ಟಿಲಲ್ಲಿ ಅತ್ತೂ ಅತ್ತೂ ನೀಲಿಗಟ್ಟಿದೆ. ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ನರ್ಸಮ್ಮ ಬಂದು ಇವಳ ಭುಜ ಹಿಡಿದು ಅಲ್ಲಾಡಿಸಿ, ನೀನು ತಾಯಿಯಾ ಇಲ್ಲಾ ಕಲ್ಲಾ ಎಂದು ಬೈದಳಂತೆ. ಬೈದದ್ದು ಇವಳಿಗೆ ಕೇಳಿಸಲಿಲ್ಲ. ಆದರೆ ತುಟಿ ಕಾಣಿಸಿತ್ತಲ್ಲ.

ಮನೆಗೆ ಬಂದ ಮೇಲೆ ನಿದ್ದೆ ಬಿಟ್ಟಳು. ಕಣ್ಣು ಮುಚ್ಚಿದರೆ ಮಗು ಅಳುತ್ತಿದೆಯೇನೋ, ತೆರೆದರೆ ಉಸಿರಾಡುತ್ತಿಲ್ಲವೇನೋ. ನಾನು ಬಸ್ಸಿಗೆ ಹೋಗಬೇಕು, ಅವಳ ಗಂಡ, ಅಂದರೆ ನನ್ನ ಮೈದುನ, ಸರಕಿನ ವ್ಯಾನು ಓಡಿಸುವವನು, ಬೆಳಿಗ್ಗೆ ಹೋದರೆ ಬರುವುದು ಯಾವಾಗ ಎಂದು ಅವನಿಗೇ ಗೊತ್ತಿರುವುದಿಲ್ಲ. ಅಷ್ಟು ಹೊತ್ತೂ ಒಬ್ಬಳೇ. ಅವಳ ಕಣ್ಣುಗಳು ಕೆಂಡವಾಗಿದ್ದವು, ಹಾಲು ಕುಡಿಸುವಾಗಲೇ ತೂಕಡಿಸುತ್ತಿದ್ದಳು. ಕುಡಿಸುತ್ತಲೇ ನಿದ್ದೆ ಹೋಗಿ ಮಗುವಿನ ಮೇಲೆ ಒರಗಿದರೆ ಏನು ಗತಿ ಎಂದು ನನಗೆ ಬಸ್ಸಿನಲ್ಲಿ ನಿಂತಲ್ಲೇ ಚಿಲ್ಲರೆಯ ಲೆಕ್ಕ ತಪ್ಪುತ್ತಿತ್ತು.

ಒಂದು ದಿನ ಕೆಲಸ ಮುಗಿಸಿ ಬಂದಾಗ ಅವಳು ಗೊರಕೆ ಹೊಡೆಯುತ್ತಿದ್ದಳು. ಸದ್ಯ ಮಲಗಿದಳಲ್ಲ ಎಂದು ಮಗುವಿನ ಹೊದಿಕೆ ಸರಿಮಾಡಲು ಹೋದೆ. ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡಿತ್ತು. ಅದರ ಬುಡದಲ್ಲಿ ಬಿಳಿ ನೂಲು. ನೂಲಿನ ಇನ್ನೊಂದು ತುದಿ ಇವಳ ಮಣಿಕಟ್ಟಿನಲ್ಲಿ. ಮಗು ಕಾಲು ಒದ್ದರೆ ನೂಲು ಎಳೆಯುತ್ತದೆ, ತನಗೆ ಎಚ್ಚರವಾಗುತ್ತದೆ ಎಂದು ಹೂಡಿದ ಉಪಾಯ. ಸಡಿಲವಾಗಿಯೇ ಕಟ್ಟಿದ್ದಳಂತೆ. ಆದರೆ ಕೈ ನೇಯುವವಳದು, ಬಿದ್ದದ್ದು ಮಗ್ಗದ ಗಂಟು. ಎಳೆದಷ್ಟೂ ಬಿಗಿಯುವುದು, ಬಿಚ್ಚದೇ ಇರುವುದು ಅದರ ಗುಣ.

ಉಗುರು ಕತ್ತರಿಸುವ ಸಣ್ಣ ಕತ್ತರಿಯ ತುದಿ ತೂರಿಸಿ ನೂಲು ಕತ್ತರಿಸಿದೆ. ಮಗುವನ್ನು ಎತ್ತಿಕೊಂಡು ಇಬ್ಬರೂ ಬೀದಿಕೊನೆಯ ಡಾಕ್ಟರ ಹತ್ತಿರ ಓಡಿದೆವು. ಬೆರಳು ಉಳಿಯಿತು. ಇನ್ನಷ್ಟು ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಅವರು. ಇವಳು ದಾರಿಯುದ್ದಕ್ಕೂ ಆ ಬೆರಳನ್ನೇ ನೋಡುತ್ತ ಬಂದಳು. ನನಗೂ ಬೈಯಲು ನಾಲಗೆ ಏಳಲಿಲ್ಲ. ನನ್ನ ನಾಲಗೆಗೆ ಅದು ಅಪರೂಪ.

ಮೈದುನ ಆ ವಾರವೇ ಸ್ಮಾರ್ಟ್ ತೊಟ್ಟಿಲು ತಂದ. ಅದರ ಬೆಲೆ ಕೇಳಿ ನಾನು ಕುರ್ಚಿ ಹುಡುಕಿಕೊಂಡೆ. ಒಂದು ವಾರ ಇಟ್ಟು ನೋಡಿ, ಬೇಡವಾದರೆ ವಾಪಸ್ ಕೊಡಿ ಎಂದಿದ್ದನಂತೆ ಅಂಗಡಿಯವನು. ಮಗು ಅತ್ತರೆ ತೊಟ್ಟಿಲಿಗೆ ಕೇಳಿಸುತ್ತದೆ, ತಾನೇ ತೂಗುತ್ತದೆ, ಗುಂಯ್ ಎಂದು ಜೋಗುಳದಂಥ ಸದ್ದು ಮಾಡುತ್ತದೆ. ಅಳು ನಿಲ್ಲದಿದ್ದರೆ ಇನ್ನೂ ಜೋರಾಗಿ ತೂಗುತ್ತದೆ, ಇಡೀ ತೊಟ್ಟಿಲೇ ಅದುರುವಷ್ಟು. ಆಗಲೂ ನಿಲ್ಲದಿದ್ದರೆ ಮಾತ್ರ ತಾಯಿಯ ಫೋನಿಗೆ ಸುದ್ದಿ ಕಳಿಸುತ್ತದೆ, ಫೋನು ನಡುಗುತ್ತದೆ. “ಇದಕ್ಕಿರುವಷ್ಟು ಸಂಸಾರಜ್ಞಾನ ನನಗಿಲ್ಲ,” ಎಂದ ನನ್ನ ಗಂಡ. ಅವನು ನಿಜ ಹೇಳುವುದು ವರ್ಷಕ್ಕೊಮ್ಮೆ.

ತಮಾಷೆ ಬಿಡಿ, ಆ ತೊಟ್ಟಿಲು ಬಂದ ಮೇಲೆ ಅವಳು ಮಲಗಿದಳು. ಮುಖಕ್ಕೆ ರಕ್ತ ಬಂತು. ಎಷ್ಟಾದರೂ ಆಗಲಿ, ಇದು ಮನೆಯಲ್ಲಿ ಇರಲಿ ಎಂದು ನಾನೇ ಹೇಳಿದೆ.

ವಾರ ಮುಗಿಯಲು ಇನ್ನೊಂದೇ ದಿನವಿತ್ತು. ಮಧ್ಯಾಹ್ನ ಮೆಟ್ಟಿಲು ಹತ್ತುವಾಗಲೇ ಅಳು ಕೇಳಿಸಿತು. ಹಸಿವಿನ ಅಳು ಶುರುವಿನಲ್ಲಿ ಚೂಪಾಗಿರುತ್ತದೆ. ಇದು ಅತ್ತು ಅತ್ತು ಸೋತ ಅಳು, ನಡುನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬಾಗಿಲು ತಳ್ಳಿ ಒಳಗೆ ಓಡಿದೆ. ಅವಳು ಮನೆಯಲ್ಲಿಲ್ಲ, ಇಲ್ಲಾ ಎಲ್ಲೋ ಬಿದ್ದಿದ್ದಾಳೆ, ಏನೋ ಆಗಿದೆ ಎಂದೇ ಅಂದುಕೊಂಡೆ.

ಅವಳು ಅಲ್ಲೇ ಇದ್ದಳು. ಮಂಚದ ಅಂಚಿನಲ್ಲಿ ಕುಳಿತು, ತೊಟ್ಟಿಲಿಗೆ ಬೆನ್ನು ಹಾಕಿ, ಒಂದು ಕೈಯಲ್ಲಿ ಮಗುವಿನ ಬಟ್ಟೆ ಮಡಚುತ್ತಿದ್ದಳು. ಇನ್ನೊಂದು ಕೈ ಹಿಂದಕ್ಕೆ ಚಾಚಿ ತೊಟ್ಟಿಲ ಅಂಚಿನ ಮೇಲಿತ್ತು. ತೊಟ್ಟಿಲು ಜೋರಾಗಿ ಅದುರುತ್ತಿತ್ತು. ಒಳಗೆ ಮಗು ಬಾಯಿ ತೆರೆದು, ಮುಷ್ಟಿ ಬಿಗಿದು, ಮುಖವೆಲ್ಲ ಕಡುಕೆಂಪಾಗಿ ಚೀರುತ್ತಿತ್ತು. ನನ್ನನ್ನು ಕಂಡು ಅವಳು ನಕ್ಕಳು.

“ಚೆನ್ನಾಗಿ ಮಲಗಿದೆ ಅಕ್ಕ,” ಎಂದಳು. “ಕೈಗೆ ಗೊತ್ತಾಗ್ತಾ ಇದೆ.”

ಮಗುವನ್ನು ಎತ್ತಿ ಅವಳ ಮಡಿಲಿಗೆ ಹಾಕಿದೆ. ಆ ಮುಖ ನೋಡಿ ಅವಳ ನಗು ಹೇಗೆ ಆರಿತೆಂದು ಹೇಳಲು ನನಗೆ ಬಾರದು. ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಕಟ್ಟೆಯ ಮೇಲೆ ನಡುಗಿ ನಡುಗಿ ಸಿಂಕಿನ ಅಂಚಿಗೆ ಬಂದು ನಿಂತಿತ್ತು. ಮಗು ಎಷ್ಟು ಹೊತ್ತು ಅತ್ತಿತ್ತೋ ಯಾರಿಗೆ ಗೊತ್ತು.

ರಾತ್ರಿ ಊಟಕ್ಕೆ ಕೂತಾಗ ಮೈದುನ ಸಮಾಧಾನ ಹೇಳಿದ. ಫೋನು ಸೊಂಟಕ್ಕೇ ಕಟ್ಟಿಕೊಳ್ಳಲಿ, ತೊಟ್ಟಿಲು ಅದುರಿದರೆ ಎದ್ದು ನೋಡುವುದು ರೂಢಿ ಮಾಡಿಕೊಳ್ಳಲಿ, ಅಷ್ಟೇ ತಾನೇ. ಅವಳು ಅವನ ತುಟಿಯನ್ನು ಕೊನೆತನಕ ನೋಡಿದಳು.

“ಇದು ಮಗು ಅತ್ರೆ ಅದುರುತ್ತೆ, ಸುಮ್ನಾದ್ರೆ ನಿಲ್ಲುತ್ತೆ,” ಎಂದಳು. “ನನ್ನ ಮಗ್ಗ ಇದಕ್ಕೆ ಉಲ್ಟಾ ರೀ. ತಲೆಗೆ ಹೇಳಿದ್ರೆ ತಿಳಿಯುತ್ತೆ, ಈ ಕೈಗೆ ಹೇಗೆ ಹೇಳ್ಲಿ? ನಿದ್ದೇಲಿರೋಳಿಗೆ ತಲೆ ಎಲ್ಲಿರುತ್ತೆ, ಕೈ ಮಾತ್ರ ಇರುತ್ತೆ. ಇದು ಅದುರಿದಷ್ಟೂ ನಾನು ಗಾಢವಾಗಿ ಮಲಗ್ತೀನಿ.”

“ವಾಪಸ್ ಕೊಟ್ಟ ಮೇಲೆ ಏನಾದ್ರೂ ಆದ್ರೆ?” ಎಂದ ಮೈದುನ. ಅವನ ತುತ್ತು ತಟ್ಟೆಯಲ್ಲೇ ಇತ್ತು.

ಆದರೂ ವಾಪಸ್ ಕೊಡುವುದೆಂದೇ ಆಯಿತು. ತೊಟ್ಟಿಲು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಿವಿ ನೆಟ್ಟಗಿರುವ, ನಿದ್ದೆಗೆಟ್ಟ ತಾಯಿಗೆ ಅದು ಇನ್ನೊಂದು ಜೊತೆ ಕೈ ಇದ್ದ ಹಾಗೆ. ಇವಳಿಗೆ ಮಾತ್ರ ಕೈಯೇ ಕಿವಿ, ಅದನ್ನೂ ಅದು ಮುಚ್ಚುತ್ತಿತ್ತು. ಹಾಗೆಂದು ಗೊತ್ತಿದ್ದೂ, ಮರುದಿನ ಅದನ್ನು ವ್ಯಾನಿಗೆ ಏರಿಸುವಾಗ ನಾನು ಅದರ ಅಂಚನ್ನು ತಕ್ಷಣ ಬಿಡಲಿಲ್ಲ.

ಅಟ್ಟದ ಮೇಲೆ ನನ್ನ ಮಗ ಮಲಗುತ್ತಿದ್ದ ಮರದ ತೊಟ್ಟಿಲಿತ್ತು. ತೂಗುವುದಲ್ಲ, ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಲ್ಲುವಂಥದು. ಇಳಿಸಿ, ಒರೆಸಿ, ಸಡಿಲವಾಗಿದ್ದ ಸ್ಕ್ರೂಗಳನ್ನು ಬಿಗಿಸಿ, ಗಟ್ಟಿ ಹಾಸಿಗೆ ಹಾಕಿ ಅವಳ ಮಂಚಕ್ಕೆ ತಾಗಿಸಿ ಇಟ್ಟೆವು. ಅದನ್ನು ಅದುರಿಸುವುದೇನಿದ್ದರೂ ಮಗು ಮಾತ್ರ. ಸರಿ, ಇನ್ನು ನೆಮ್ಮದಿ ಎಂದು ನಾವಂದುಕೊಂಡೆವು. ಆದರೆ ಅವಳ ಕೈಗೆ ಈಗ ಇನ್ನೊಂದು ಭಯ. ಮರ ಅಲುಗದೆ ಸುಮ್ಮನಿದ್ದರೂ ದಿಗಿಲುಬಿದ್ದು ಏಳುತ್ತಾಳೆ. ಅದುರುವುದು ನಿಂತರೆ ಎಳೆ ಹರಿದಿದೆ ಎಂದಲ್ಲವೇ ಆ ಕೈ ಕಲಿತದ್ದು? ಎದ್ದು ಮಗುವಿನ ಎದೆಯ ಮೇಲೆ ಅಂಗೈ ಇಡುತ್ತಾಳೆ. ಅಲ್ಲಿ ಅದುರುವುದು ಸಿಕ್ಕಿದ ಮೇಲೆಯೇ ಮತ್ತೆ ಮಲಗುವುದು.

ನನಗೂ ಭಯ ಹೋಗಿಲ್ಲ. ಈಗಲೂ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟೇ ಒಳಗೆ ಹೋಗುತ್ತೇನೆ. ನಿನ್ನೆ ಒಳಗೆ ಸದ್ದಿರಲಿಲ್ಲ, ಅದಕ್ಕೇ ಇನ್ನೂ ಹೆಚ್ಚು ಹೆದರಿ ಮೆಲ್ಲಗೆ ಬಾಗಿಲು ತೆರೆದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು, ಆಸ್ಪತ್ರೆಯಲ್ಲಿ ಮಲಗಿದ್ದಂತೆಯೇ. ಕೈ ಹಿಂದಕ್ಕೆ ಚಾಚಿ ತೊಟ್ಟಿಲ ಕಟಕಟೆಯ ಮೇಲಿತ್ತು. ಮಗು ಕಣ್ಣು ಬಿಟ್ಟು, ಮುಖ ಕಿವುಚಿ, ಊತ ಇಳಿದ ಆ ಕಾಲಿನಿಂದ ಮರವನ್ನೊಮ್ಮೆ ಒದ್ದಿತು. ನಾನು ಹೆಜ್ಜೆ ಎತ್ತುವಷ್ಟರಲ್ಲಿ ಅವಳು ಎದ್ದು ಕೂತಾಗಿತ್ತು. ನನ್ನನ್ನು ನೋಡಲೂ ಇಲ್ಲ. ತೊಟ್ಟಿಲ ಮೇಲೆ ಬಗ್ಗಿ, ಆ ಪುಟ್ಟ ತುಟಿಗಳನ್ನೇ ನೋಡುತ್ತ ಕೇಳಿದಳು:

“ಏನಂದೆ?”

ಮಗು ಇನ್ನೂ ಬಾಯಿ ತೆರೆದಿರಲಿಲ್ಲ.