ಕ್ಲಬ್ಬಿನ ಹೊಸ ಜಂಟಲ್‌ಮನ್
ಡೆವನ್ನಿನ ನಮ್ಮ ಹಳ್ಳಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಜಂಟಲ್‌ಮನ್ ಅಂದರೆ ನಾನೇ; ಈಗ ಹೊಸದಾಗಿ ತಂಡಕ್ಕೆ ಸೇರಿದ ಆ ಹೆಸ್ಟರ್ ಪೆನ್‌ರೋಸ್ ಅಂತೆ! ಮುದುಕರಿಗೆ ಕುರ್ಚಿ ಬಿಟ್ಟುಕೊಡುತ್ತಾಳೆ, ಎಲ್ಲರಿಗೂ ಬಾಗಿಲು ಹಿಡಿದು ನಿಲ್ಲುತ್ತಾಳೆ, ಚೆಂಡು ಬ್ಯಾಟನ್ನು ಸವರಿ ಕ್ಯಾಚಾದರೆ ಅಂಪೈರ್ ಬೆರಳೆತ್ತುವ ಮೊದಲೇ ತಾನಾಗಿ ಹೊರಗೆ ನಡೆಯುತ್ತಾಳೆ. "ಹೆಂಗಸು ಹೇಗ್ರೀ ಜಂಟಲ್‌ಮನ್ ಆಗ್ತಾಳೆ?" ಅಂತ ನಾನಂದರೆ, ಟೀ ಕೊಡುವ ಮೇಬಲ್, "ನಿಮಗ್ಯಾಕ್ರೀ ಅಷ್ಟು ಹೊಟ್ಟೆಯುರಿ?" ಅಂತ ನಗುತ್ತಾಳೆ. ಕಳೆದ ಭಾನುವಾರ ನನ್ನ ಬ್ಯಾಟನ್ನು ಸವರಿದ ಚೆಂಡು ಕೀಪರನ ಕೈಸೇರಿತು. ಮುದಿ ಅಂಪೈರಿಗೆ ಸದ್ದು ಕೇಳಿಸಲಿಲ್ಲ, ನಾನು ಕದಲಲಿಲ್ಲ. ಎದುರು ತುದಿಯಲ್ಲಿ ಆಡುತ್ತಿದ್ದ ಹೆಸ್ಟರ್‌ಗೆ ಕೇಳಿಸಿತ್ತು, ಕಣ್ಣು ತಗ್ಗಿಸಿದಳು. ನಾನು ಐವತ್ತು ಹೊಡೆದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಇವತ್ತಿಗೂ ಯಾರಿಗೂ ಹೇಳಿಲ್ಲ. ಬಾಗಿಲು ಹಿಡಿದು, "ಮೊದಲು ನೀವು" ಅನ್ನುತ್ತಾಳೆ. ಒಮ್ಮೆಯಾದರೂ ಬಾಯಿಬಿಡಬಾರದೇ, ಹಾಳಾದವಳು!