ಪಡುವಣಕ್ಕೆ ತಿರುಗಿಸಿದ ಸಬ್‌ಮರೀನು

ನನ್ನ ಅಣ್ಣ ಹಡಗಿನಲ್ಲಿ ದುಡಿದವನಲ್ಲ. ಗಲ್ಫಿನ ಒಂದು ಬಂದರಿನಲ್ಲಿ, ಗೋಡೌನಿನ ಆಫೀಸಿನೊಳಗೆ, ಏಸಿಯ ಕೆಳಗೆ ಕೂತು ಬಂದ ಸರಕಿಗೆ ಸಹಿ ಹಾಕಿದವನು. ಆದರೂ ನಮ್ಮ ಕುಟುಂಬದಲ್ಲಿ ಅವನಿಗೆ ಕ್ಯಾಪ್ಟನ್ ಎಂದೇ ಹೆಸರು. ಮದುವೆ ಹಾಲಿಗೆ ಅವನು ಕಾಲಿಟ್ಟರೆ ಮುಂದಿನ ಸಾಲಿನ ಗಂಡಸರು ಕುರ್ಚಿ ಬಿಟ್ಟು ಏಳುತ್ತಿದ್ದರು. ಅಪ್ಪ ಬೇಗ ತೀರಿಕೊಂಡದ್ದರಿಂದ ಮನೆಯ ಯಜಮಾನಿಕೆ ಸಣ್ಣ ಪ್ರಾಯದಲ್ಲೇ ಅವನ ಹೆಗಲಿಗೆ ಬಿತ್ತು. ಬಿದ್ದದ್ದನ್ನು ಅವನು ಮತ್ತೆ ಇಳಿಸಲೇ ಇಲ್ಲ.

ಸ್ಟ್ರೋಕ್ ಆದ ಮೇಲೆ, ಫಿಸಿಯೋಥೆರಪಿಗೆ ಹತ್ತಿರವಾಗಲಿ ಎಂದು, ಕಾಪುವಿನ ಮನೆಗೆ ಬೀಗ ಹಾಕಿ ಮಣಿಪಾಲದಲ್ಲಿ ನಾನು ಒಬ್ಬಳೇ ಇದ್ದ ಫ್ಲ್ಯಾಟಿಗೆ ಬಂದ. ಬಟ್ಟೆಯ ಬ್ಯಾಗಿಗಿಂತ ಮೊದಲು ಲಿಫ್ಟಿನಿಂದ ಹೊರಬಂದದ್ದು ಅವನ ಕಂಪ್ಯೂಟರು. ಅತ್ತಿಗೆ ಹೋದ ಮೇಲೆ ಹಿಡಿದ ಹುಚ್ಚು ಅದು, ಸಬ್‌ಮರೀನ್ ನಡೆಸುವ ಆಟ. ಆಟ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು.

"ಆಟ ಅಲ್ಲ ಮಾರಾಯ್ತಿ, ಸಿಮ್ಯುಲೇಶನ್. ಆಟ ನೀವು ಹೆಂಗಸರು ಆಡುವುದು, ಚೆನ್ನೆಮಣೆ."

ಬಲಗೈಗೆ ಮೌಸ್ ಹಿಡಿಯಲು ಆಗುತ್ತಿರಲಿಲ್ಲ. ಹಾಗಾಗಿ ಅವನು ಆರ್ಡರ್ ಕೊಡುವುದು, ನಾನು ಒತ್ತುವುದು ಎಂದಾಯಿತು. ಇಬ್ಬರಿಗೂ ಹೊಸ ಅಭ್ಯಾಸವೇನೂ ಅಲ್ಲ.

ಉಡುಪಿಯ ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಮ್ಯಾಪಿನ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟ ಜಾಗದಿಂದ ಇನ್ನೊಂದು ಊರಿಗೆ ದಿಕ್ಕು, ದೂರ ಎಲ್ಲ ಲೆಕ್ಕ ಹಾಕಿಸುತ್ತಿದ್ದರು. "ಡೋಂಟ್ ಗೆಸ್, ಚೈಲ್ಡ್. ವರ್ಕ್ ಇಟ್ ಔಟ್," ಎನ್ನುತ್ತಿದ್ದರು. ನಾನು ವರ್ಕ್ ಔಟ್ ಮಾಡುತ್ತಲೇ ಹೋದೆ. ಬಿ.ಎಸ್ಸಿ.ಯಲ್ಲಿ ಗಣಿತಕ್ಕೆ ಕ್ಲಾಸಿಗೇ ಫಸ್ಟ್. ಮೈಸೂರಿನಲ್ಲಿ ಎಂ.ಎಸ್ಸಿ. ಸೀಟೂ ಸಿಕ್ಕಿತು. ಆಗ ಗಲ್ಫಿನಿಂದ ಅಣ್ಣನ ಟ್ರಂಕ್ ಕಾಲ್ ಬಂತು. ಎಂತಕ್ಕೆ ಅಷ್ಟು ದೂರ, ಕಾರ್ಕಳದ ಹುಡುಗ ಒಳ್ಳೆಯವನುಂಟು ಎಂದ. ಹುಡುಗ ಒಳ್ಳೆಯವನೇ, ಅದರಲ್ಲಿ ಸುಳ್ಳಿಲ್ಲ. ಕಾರ್ಕಳದ ಆ ದೊಡ್ಡ ಮನೆಯಲ್ಲಿ ನಾನು ಮಾಡಿದ ದೊಡ್ಡ ಲೆಕ್ಕವೆಂದರೆ ಊಟಕ್ಕೆ ಎಷ್ಟು ಸೇರು ಅಕ್ಕಿ ಎಂಬುದು.

ಇಷ್ಟು ವರ್ಷಗಳ ಮೇಲೆ ಒಂದು ಕಂಪ್ಯೂಟರಿನ ಮುಂದೆ ಆ ಹಳೆಯ ವಿದ್ಯೆಗೆ ಕೆಲಸ ಬಂತು. ಅಣ್ಣ ಎಲ್ಲವನ್ನೂ ಫುಲ್ ರಿಯಲಿಸಂನಲ್ಲಿ ಇಟ್ಟಿದ್ದ. ಚಾರ್ಟಿನ ಮೇಲೆ ನಮ್ಮ ಬೋಟು ಎಲ್ಲಿದೆ ಎಂದು ಆಟ ತೋರಿಸುವುದಿಲ್ಲ. ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಬಂದೆವು ಎಂದು ಲೆಕ್ಕ ಹಾಕಿ ನಾವೇ ಗುರುತು ಹಾಕಬೇಕು. ಡೆಡ್ ರೆಕನಿಂಗ್. ನನಗೆ ಎಷ್ಟು ಖುಷಿಯಾಯಿತೆಂದರೆ ಮೊದಲ ದಿನ ಒಲೆಯ ಮೇಲಿನ ಗಂಜಿ ಉಕ್ಕಿದ್ದೂ ತಿಳಿಯಲಿಲ್ಲ. ನಾನು ಗುರುತು ಹಾಕಿದಲ್ಲೇ ದ್ವೀಪ ಏಳುತ್ತಿತ್ತು, ನಾನು ಹೇಳಿದ ಹೊತ್ತಿಗೇ ದೀಪ ಕಾಣುತ್ತಿತ್ತು. ಆಗೆಲ್ಲ ಅಣ್ಣ ಸುಮ್ಮನಿರುತ್ತಿದ್ದ. ಸ್ವಲ್ಪ ತಪ್ಪಿದರೆ ಮಾತ್ರ ಮರುದಿನ ಫಿಸಿಯೋಥೆರಪಿಯ ಹುಡುಗಿಗೂ ಸುದ್ದಿ ಹೋಗುತ್ತಿತ್ತು.

ನನಗೆ ಬೇಕಾಗಿದ್ದದ್ದು ಒಂದೇ ಮಾತು: "ನಿನ್ನ ಲೆಕ್ಕ ಸರಿ ಉಂಟು." ಅವನ ಬಾಯಿಂದ, ಒಂದೇ ಒಂದು ಸಲ. ಸಿಲ್ಲಿ ಎನ್ನುವವರು ಎನ್ನಲಿ. ಈ ಪ್ರಾಯದಲ್ಲಿ ಬೇರೆ ಎಂತ ಬೇಕು?

ಆಟದ ಕಾಲ ಎರಡನೆಯ ಮಹಾಯುದ್ಧ. ನಮ್ಮದು ಬ್ರಿಟಿಷ್ ಬೋಟು, ನಾರ್ವೆ ಜರ್ಮನರ ಕೈಯಲ್ಲಿ. ನಾರ್ತ್ ಸೀ ದಾಟಿ ನಾರ್ವೆಯ ಕರಾವಳಿಗೆ ಹೋಗುವುದು, ಶತ್ರುವಿನ ಹಡಗು ಮುಳುಗಿಸುವುದು, ಹಿಂತಿರುಗುವುದು. ಬಂದರು ಸೇರುವವರೆಗೆ ಸೇವ್ ಮಾಡಲು ಬರುವುದಿಲ್ಲ. ಮುಳುಗಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಅಣ್ಣ ಕಾಪುವಿನಲ್ಲಿದ್ದಾಗಿನಿಂದ ಕೂಡಿಸಿಟ್ಟ ಪದಕ, ರ‍್ಯಾಂಕು, ಒಂದೂ ಉಳಿಯದು.

ಒಂದು ದಿನ ಮಧ್ಯಾಹ್ನ ಅವನು ಆಸೆಬುರುಕನಾದ. ಸಾಲಾಗಿ ಹೋಗುತ್ತಿದ್ದ ಹಡಗುಗಳ ತೀರಾ ಹತ್ತಿರಕ್ಕೆ ಬೋಟು ಬಿಡಿಸಿದ. ಕಾವಲಿನ ಹಡಗೊಂದು ನಮ್ಮನ್ನು ಕಂಡುಹಿಡಿದು ಮೇಲಿನಿಂದ ಬಾಂಬು ಸುರಿಯಿತು. ಸ್ಕ್ರೀನಿನಲ್ಲಿ ದೀಪಗಳು ಆರಿ ಕೆಂಪು ದೀಪ ಹತ್ತಿತು.

"ಎಂತೆಲ್ಲ ಡ್ಯಾಮೇಜು?"

"ಹಿಂದಿನ ಕೋಣೆಯಲ್ಲಿ ನೀರು ಉಂಟು. ಒಂದು ಎಂಜಿನ್ ಹೋಯಿತು. ಪೆರಿಸ್ಕೋಪ್ ಇಲ್ಲ, ರೇಡಿಯೋ ಇಲ್ಲ."

"ಸಾವಿನ ಸುದ್ದಿ ಹೇಳುವ ಹಾಗೆ ಎಂತ ಹೇಳುವುದು? ರಿಪೋರ್ಟ್ ಸರಿಯಾಗಿ ಕೊಡು."

"ಐ ಆ್ಯಮ್ ನಾಟ್ ಯುವರ್ ಸೇಲರ್, ಅಣ್ಣ."

"ಅದು ಗೊತ್ತುಂಟು. ಸೇಲರ್ ಆಗಿದ್ದರೆ ಇಷ್ಟು ಮಾತಾಡುತ್ತಿರಲಿಲ್ಲ."

ಹೇಗೋ ತಪ್ಪಿಸಿಕೊಂಡೆವು. ಕಾವಲಿನ ಹಡಗು ದೂರವಾದ ಮೇಲೆ ಅಣ್ಣ ಕುರ್ಚಿಗೆ ಒರಗಿ, "ಇನ್ನು ಮನೆಗೆ ಹೋಗುವ. ಮೂಡಕ್ಕೆ ತಿರುಗಿಸು," ಎಂದ.

ನಾನು ಬೆರಳು ಎತ್ತಿ ಹಾಗೆಯೇ ಕೂತೆ. ಮೂಡಕ್ಕೆ ಇದ್ದದ್ದು ನಾರ್ವೆ, ಶತ್ರುವಿನ ದಡ. ನಮ್ಮ ಬಂದರು ಇದ್ದದ್ದು ಪಡುವಣಕ್ಕೆ.

ಅವನಿಗೆ ಹಾಗೆ ಬಾಯಿಗೆ ಬಂದದ್ದು ಯಾಕೆಂದು ನನಗೆ ಆ ಕ್ಷಣವೇ ತಿಳಿಯಿತು. ನಮ್ಮ ಊರಿನಲ್ಲಿ ಎಡ ಬಲ ಎಂದು ಯಾರೂ ಹೇಳುವುದಿಲ್ಲ. ಬಾವಿಯ ಪಡುಬದಿ, ಅಂಗಳದ ಮೂಡುಬದಿ. ಸಮುದ್ರ ಪಡುವಣಕ್ಕೆ, ನೆಲ, ಮನೆ, ಅನ್ನ ಎಲ್ಲ ಮೂಡಣಕ್ಕೆ. ಕಾಪುವಿನಿಂದ ಹೊರಟ ದೋಣಿ ಎಷ್ಟೋ ತಲೆಮಾರಿನಿಂದ ಮೂತಿಯನ್ನು ಮೂಡಕ್ಕೆ ತಿರುಗಿಸಿಯೇ ಮನೆ ಸೇರಿದೆ. ದಣಿದ ಮನುಷ್ಯನಿಗೆ, ಅದೂ ಸ್ಟ್ರೋಕ್ ಹೊಡೆದು ಎದ್ದವನಿಗೆ, ಮನೆ ಎಂದ ಕೂಡಲೇ ಮೂಡು ಎಂದು ಬಂದರೆ ಅದು ತಪ್ಪೇ? ನಗು ಬಂತು, ಪ್ರೀತಿಯೂ ಬಂತು. ಚಾರ್ಟನ್ನು ಸಣ್ಣದು ಮಾಡಿ ಎರಡೂ ದಡ ಕಾಣುವ ಹಾಗೆ ತೋರಿಸಿದೆ.

"ಅಣ್ಣ, ಇದು ನಮ್ಮ ಕಡಲಲ್ಲ. ಇಲ್ಲಿ ಮನೆ ಪಡುಬದಿಯಲ್ಲಿ, ನೋಡು."

ಅವನು ನೋಡಿದ. ತಪ್ಪು ತಿಳಿದದ್ದು ಮುಖದಲ್ಲೇ ಕಂಡಿತು. ಅಷ್ಟಕ್ಕೇ ಅವನೂ ನಕ್ಕಿದ್ದರೆ ಈ ಕತೆ ಬರೆಯುವ ಕೆಲಸ ನನಗೆ ಇರುತ್ತಿರಲಿಲ್ಲ.

"ಗೊತ್ತುಂಟು," ಎಂದ. "ಮೂಡಕ್ಕೆ ಸ್ವೀಡನ್ ಉಂಟು. ನ್ಯೂಟ್ರಲ್ ದೇಶ. ಅಲ್ಲಿ ರಿಪೇರಿ ಮಾಡಿಸುವುದು. ಮೊದಲಿಂದಲೂ ನನ್ನ ಪ್ಲಾನ್ ಅದೇ."

"ಸ್ವೀಡನ್ ಇರುವುದು ನಾರ್ವೆಯ ಬೆಟ್ಟದ ಆಚೆಗೆ. ಸಬ್‌ಮರೀನಿಗೆ ಚಕ್ರ ಇಲ್ಲ ಅಣ್ಣ."

"ಬಂದರಿನಲ್ಲಿ ಕೂದಲು ಬಿಳಿ ಮಾಡಿದವನು ನಾನು. ನನಗೆ ಕಡಲು ಕಲಿಸಲು ಬರಬೇಡ. ಆ ಕಾನ್ವೆಂಟಿನಲ್ಲಿ ನಿನಗೆ ಕಲಿಸಿದ್ದು ಒಂದೇ, ಎದುರುತ್ತರ."

ನಾನು ಒತ್ತಲಿಲ್ಲ. ಅವನು ಒತ್ತು ಎಂದ. ನಾನು ಸ್ಕ್ರೀನಿನಲ್ಲಿ ನೀರು ಹೊರಹಾಕುವ ಪಂಪಿನ ಕಡೆ ನೋಡುತ್ತ ಕೂತೆ. ಕೊನೆಗೆ ಅವನು, "ಮಾತ್ರೆ ತೆಗೆದುಕೊಂಡು ಸ್ವಲ್ಪ ಮಲಗುತ್ತೇನೆ. ಏಳುವಾಗ ಬೋಟು ಮೂಡಕ್ಕೆ ಹೋಗುತ್ತಿರಬೇಕು," ಎಂದು ಗೋಡೆ ಹಿಡಿದು ಕೋಣೆಗೆ ನಡೆದ.

ನಾನು ಪಡುವಣಕ್ಕೆ ತಿರುಗಿಸಿದೆ.

"ಆಯ್ ಆಯ್, ಸರ್," ಎಂದಿತು ಆಟದೊಳಗಿನ ಚುಕ್ಕಾಣಿಯವನ ದನಿ. ಜನ್ಮದಲ್ಲಿ ನನ್ನ ಮಾತಿಗೆ ಯಾರೂ ಹಾಗೆ ಅಂದಿರಲಿಲ್ಲ.

ಒಂದೇ ಎಂಜಿನ್ ಓಡುತ್ತಿದ್ದುದರಿಂದ ಬೋಟು ಒಂದು ಬದಿಗೆ ಎಳೆಯುತ್ತಿತ್ತು. ಕಾರ್ಕಳದಿಂದ ಹಿರಿಯಡ್ಕ ದಾಟಿ ಉಡುಪಿಗೆ ಬರುವ ಬಸ್ಸುಗಳಲ್ಲಿ ಒಂದು ಹೀಗೇ ವಾಲಿಕೊಂಡು ಓಡುತ್ತಿತ್ತು. ಡ್ರೈವರ್ ಸ್ಟೀರಿಂಗನ್ನು ಆಚೆ ಬದಿಗೆ ಎಳೆದು ಹಿಡಿದೇ ಕೂತಿರುತ್ತಿದ್ದ. ನಾನೂ ಹಾಗೆ ಮಾಡಿದೆ. ಆಳಕ್ಕೆ ಇಳಿದರೆ ಒಡಕಿನಿಂದ ನೀರು ನುಗ್ಗುತ್ತದೆ, ಮೇಲಿದ್ದರೆ ವಿಮಾನದ ಭಯ. ಮಂಜು ಕವಿದಾಗ ಮೇಲೆ ಬಂದು ಬ್ಯಾಟರಿ ತುಂಬಿಸಿಕೊಂಡೆ, ಮಂಜು ಹರಿದಾಗ ತುಸುವೇ ಮುಳುಗಿದೆ. ಆಟದ ಗಡಿಯಾರವನ್ನು ಓಡಿಸುವುದು, ಸದ್ದು ಕೇಳಿದರೆ ನಿಲ್ಲಿಸುವುದು. ಎಂಜಿನಿನ ಎಳೆತ ಎಷ್ಟು, ನೀರಿನ ಸೆಳೆತ ಎಷ್ಟು, ಒಂದೊಂದನ್ನೂ ಕಳೆದು ಕೂಡಿಸಿ ಚಾರ್ಟಿನಲ್ಲಿ ಚುಕ್ಕಿ ಇಟ್ಟೆ. ಗೆಸ್ ಮಾಡಲಿಲ್ಲ.

ನನ್ನ ಕೊನೆಯ ಚುಕ್ಕಿಯ ಎದುರಿಗೆ, ಇರಬೇಕಾದಲ್ಲೇ, ಲೈಟ್‌ಹೌಸಿನ ದೀಪ ಮಿನುಗಿತು. ಹಾಲಿನಲ್ಲಿ ಒಬ್ಬಳೇ ಕೂತಿದ್ದವಳು ಎದ್ದುನಿಂತೆ.

ಬಂದರಿನೊಳಗೆ ಹೋಗುವಾಗ ಹಡಗುಗಳು ಕೂಗಿದವು. ಆ ಸದ್ದಿಗೆ ಅಣ್ಣ ಎದ್ದು ಬಂದ. ನನ್ನ ಹಿಂದೆ ನಿಂತು ತುಂಬ ಹೊತ್ತು ನೋಡಿದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾಯುತ್ತ ನಾನು ತಿರುಗಲಿಲ್ಲ.

"ಮೂಡಕ್ಕೆ ಎಂದಿದ್ದೆ."

"ಮೂಡಕ್ಕೆ ಹೋಗಿದ್ದರೆ ಮುಳುಗುತ್ತಿತ್ತು, ಅಲ್ವಾ?"

"ಮುಳುಗುತ್ತಿತ್ತು. ನನ್ನ ಬೋಟು ಮುಳುಗುತ್ತಿತ್ತು. ಈಗ ದಡಕ್ಕೆ ಬಂದದ್ದು ನಿನ್ನ ಬೋಟು. ನನಗೆ ಎಂತಕ್ಕೆ ಅದು?"

ಸ್ಕ್ರೀನಿನಲ್ಲಿ ಅವನ ಹೆಸರಿಗೆ ಒಂದು ಪದಕ ಬಂದು ನಿಂತಿತ್ತು. ಕೆಳಗೆ ಓಕೆ.

"ಇದನ್ನು ಒತ್ತಲಾ?"

"ಕೇಳಿ ಮಾಡುವ ಕ್ರಮ ನಿನಗೆ ಯಾವಾಗ ಇತ್ತು?"

ಯಾವಾಗ ಇರಲಿಲ್ಲ ಎಂದು ಕೇಳಬೇಕಿತ್ತು. ಓದು, ಮದುವೆ, ಮಗಳಿಗೆ ಇಡುವ ಹೆಸರು, ಎಲ್ಲ ಅವನನ್ನು ಕೇಳಿಯೇ ಆದದ್ದು. ನಾನು ಕೇಳದೆ ಮಾಡಿದ್ದು ಇದೊಂದೇ, ಅದೂ ಇಲ್ಲದ ಒಂದು ಕಡಲಿನಲ್ಲಿ. ಎದ್ದು ಹೋಗಿ ಕಾಫಿಗೆ ನೀರಿಟ್ಟೆ.

ಆ ಬೋಟನ್ನು ಅಣ್ಣ ಮತ್ತೆ ತೆರೆಯಲಿಲ್ಲ. ತಿಂಗಳು ತುಂಬುವ ಮೊದಲು, ಸ್ನಾನಕ್ಕೆ, ವಾಕಿಂಗಿಗೆ ಜನ ಬೇಕು ಎಂದು ಗದಗದ ಕಡೆಯ ಒಬ್ಬ ಗಂಡಸನ್ನು ನೇಮಿಸಿಕೊಂಡ. ಮೂರು ಮಕ್ಕಳ ತಂದೆ, ಸಾಧು ಮನುಷ್ಯ. ಎರಡನೆಯ ವಾರದಿಂದ ಕಂಪ್ಯೂಟರಿನ ಮುಂದೆ ನನ್ನ ಕುರ್ಚಿಯಲ್ಲಿ ಅವನು. ಹೊಸ ಬೋಟು, ಅದೇ ಕಡಲು. ಅಣ್ಣ ಹೇಳಿದ್ದಕ್ಕೆಲ್ಲ "ಹೂಂರೀ ಸರ" ಎನ್ನುತ್ತ ಒತ್ತುತ್ತಿದ್ದ.

ಮೊನ್ನೆ ನಾನು ಅಡುಗೆಮನೆಯಲ್ಲಿ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದೆ. ಕಂಪ್ಯೂಟರಿನ ಕಡೆಯಿಂದ ಅಲಾರಾಮಿನ ಸದ್ದು ಬಂತು, ಹಿಂದೆಯೇ ಗದಗದವನ ಗಾಬರಿಯ ದನಿ.

"ಸರ, ನೀರು ಒಳಗ ಬರಾಕತ್ತೈತ್ರಿ! ದಂಡಿ ಯಾ ಕಡೆ ಐತ್ರಿ?"

"ಮೂಡಕ್ಕೆ ತಿರುಗಿಸು."

"ಅಮ್ಮಾರನ್ನ ಒಂದ್ ಮಾತು ಕೇಳ್ಲೇನ್ರಿ? ಅವ್ರಿಗೆ ಗೊತ್ತಿರತೈತಿ."

ನಾನು ಕೈ ನಿಲ್ಲಿಸಿದೆ.

"ಅವಳನ್ನು ಕೇಳಬೇಡ," ಎಂದ ಅಣ್ಣ.

ಕೇಳಿದ್ದರೆ ಹೇಳುತ್ತಿದ್ದೆ. ಉಳಿದ ಮೀನಿಗೂ ಮಸಾಲೆ ಹಚ್ಚಿದೆ. ಅಲಾರಾಂ ಸ್ವಲ್ಪ ಹೊತ್ತು ಬಡಿದುಕೊಂಡು ಬೋಟಿನ ಜೊತೆಗೇ ಮುಳುಗಿತು.